ಹಿಂದೆ ಹಾಕಿಸಿದ ಕ್ಯಾಮೆರಾಗೆ ಹೊಸ ನಿಷೇಧ ತಟ್ಟುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಕೆಲವು ವರ್ಷದ ಹಿಂದೆ ಮನೆಗೂ ಅಂಗಡಿಗೂ ಚೀನಾದ ಹಿಕ್‌ವಿಷನ್ ಕಂಪನಿಯ ಕ್ಯಾಮೆರಾ ಮತ್ತು ಎನ್‌ವಿಆರ್ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಹಾಕಿಸಿದ್ದೀರಿ. ಹೊರಗಿನವರು ಕ್ಯಾಮೆರಾದೊಳಗೆ ನುಗ್ಗಬಹುದು ಅನ್ನುವ ಭಯದಿಂದ ಸರ್ಕಾರಗಳು ಇಂಥವನ್ನು ನಿಷೇಧಿಸುತ್ತಿವೆ ಎಂದು ಓದಿದ್ದೀರಿ. ಇರುವುದನ್ನು ಕಿತ್ತು ಹಾಕಬೇಕಾ? ಇನ್ನೆರಡು ಕ್ಯಾಮೆರಾ ಸೇರಿಸಬಹುದಾ?

ಕಿತ್ತು ಹಾಕಬೇಕಿಲ್ಲ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಭಾರತ, ಈ ಐದೂ ಕಡೆ ಒಂದಲ್ಲ ಒಂದು ಕಡಿವಾಣ ಬಂದಿದೆ. ಆದರೆ ಖಾಸಗಿ ಮನೆಯವರು ಗೋಡೆಯಿಂದ ಕ್ಯಾಮೆರಾ ಇಳಿಸಬೇಕು ಅಂತ ಒಂದು ಕಡೆಯೂ ಹೇಳಿಲ್ಲ. ಕಡಿವಾಣ ಇರುವುದು ಮಾರುವವರಿಗೆ, ಆಮದು ಮಾಡುವವರಿಗೆ, ಸರ್ಕಾರಿ ಕಚೇರಿಗಳಿಗೆ, ಕೆಲವು ಕಡೆ ಸರ್ಕಾರದ ಗುತ್ತಿಗೆದಾರರಿಗೆ. ಆದರೂ ಅದರ ಬಿಸಿ ನಿಧಾನವಾಗಿ ನಿಮ್ಮ ತನಕ ಬರುತ್ತದೆ. ನಾನು ಕ್ಯಾಮೆರಾ ಹಾಕುವ, ರಿಪೇರಿ ಮಾಡುವ ಕೆಲಸದಲ್ಲಿರುವವನು. ಈ ನಿಧಾನದ ಪೆಟ್ಟಿನ ಬಗ್ಗೆ ಯಾರೂ ಜನರಿಗೆ ಸರಿಯಾಗಿ ಹೇಳುತ್ತಿಲ್ಲ ಅನ್ನುವುದೇ ನನ್ನ ಬೇಸರ.

ಅಮೆರಿಕದ್ದು ಎಲ್ಲಕ್ಕಿಂತ ಹಳೆಯದು. 2018ರ ಆಗಸ್ಟ್‌ನಲ್ಲಿ ಬಂದ ರಕ್ಷಣಾ ಕಾಯ್ದೆಯ 889ನೇ ಸೆಕ್ಷನ್ ಐದು ಚೀನೀ ಕಂಪನಿಗಳನ್ನು ಹೆಸರಿಸಿತು: ಹುವಾವೇ, ಜೆಡ್‌ಟಿಇ, ಹೈಟೆರಾ, ಹಿಕ್‌ವಿಷನ್, ದಾಹುವಾ. ಮೊದಲು ಸರ್ಕಾರ ಇವರ ಉಪಕರಣ ಕೊಳ್ಳುವುದು ನಿಂತಿತು. 2020ರ ಆಗಸ್ಟ್‌ನಿಂದ ಇನ್ನೊಂದು ಭಾಗ ಜಾರಿಗೆ ಬಂತು, ಅದೇ ಕಠಿಣವಾದದ್ದು. ಸರ್ಕಾರದ ಜೊತೆ ಗುತ್ತಿಗೆ ಇರುವ ಕಂಪನಿ ತನ್ನ ಸ್ವಂತ ಗೋದಾಮಿನಲ್ಲೂ ಈ ಉಪಕರಣ ಬಳಸುವಂತಿಲ್ಲ. ಆ ಗುತ್ತಿಗೆಗೂ ಆ ಕ್ಯಾಮೆರಾಗೂ ಸಂಬಂಧ ಇಲ್ಲದಿದ್ದರೂ ಅಷ್ಟೇ. ಅಲ್ಲಿ ನಿಜವಾಗಿ ಕ್ಯಾಮೆರಾ ಕಿತ್ತವರು ಈ ಗುತ್ತಿಗೆದಾರರು. ನಂತರ 2022ರ ನವೆಂಬರ್‌ನಲ್ಲಿ ಅಲ್ಲಿನ ಸಂವಹನ ಆಯೋಗ ಎಫ್‌ಸಿಸಿ ಈ ಕಂಪನಿಗಳ ಹೊಸ ಮಾದರಿಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತು. ಆಗಲೇ ಅನುಮತಿ ಪಡೆದಿದ್ದ ಮಾದರಿಗಳು ಅಂಗಡಿಯಲ್ಲಿ ಉಳಿದವು. 2025ರ ಅಕ್ಟೋಬರ್‌ನಲ್ಲಿ ಅವುಗಳ ಆಮದು ಮತ್ತು ಮಾರಾಟಕ್ಕೂ ತಡೆ ಹಾಕಲು ಆಯೋಗ ದಾರಿ ಮಾಡಿಕೊಂಡಿದೆ.

ಬ್ರಿಟನ್ 2022ರ ನವೆಂಬರ್‌ನಲ್ಲಿ ಸೂಕ್ಷ್ಮ ಸರ್ಕಾರಿ ಜಾಗಗಳಲ್ಲಿ ಇಂಥ ಕ್ಯಾಮೆರಾ ಹೊಸದಾಗಿ ಹಾಕಬೇಡಿ ಎಂದಿತು. ಆಸ್ಟ್ರೇಲಿಯಾದಲ್ಲಿ 2023ರ ಫೆಬ್ರವರಿಯಲ್ಲಿ ಲೆಕ್ಕ ಹಾಕಿದಾಗ ಸರ್ಕಾರಿ ಕಟ್ಟಡಗಳಲ್ಲೇ 900ಕ್ಕೂ ಹೆಚ್ಚು ಸಿಕ್ಕವು. ಕೆನಡಾ 2025ರ ಜೂನ್‌ನಲ್ಲಿ ಹಿಕ್‌ವಿಷನ್‌ನ ಕೆನಡಾ ಶಾಖೆಯನ್ನೇ ಬಾಗಿಲು ಹಾಕಲು ಹೇಳಿತು.

ಭಾರತದ ದಾರಿ ಬೇರೆ. 2024ರ ಏಪ್ರಿಲ್‌ನಲ್ಲಿ ಅಧಿಸೂಚನೆ ಬಂತು, ಮುಂದಕ್ಕೆ ಹೋಗಿ 2025ರ ಏಪ್ರಿಲ್ 9ರಿಂದ ಜಾರಿಯಾಯಿತು. ಅಲ್ಲಿ ಕಂಪನಿಯ ಹೆಸರು ಹಿಡಿದು ಹೊರಗಿಡಲಿಲ್ಲ. ಯಾರೇ ಮಾರಲಿ, ಮಾದರಿಯನ್ನು ಲ್ಯಾಬ್‌ಗೆ ಕೊಡಬೇಕು. ಫರ್ಮ್‌ವೇರ್‌ಗೆ (ಕ್ಯಾಮೆರಾ ಒಳಗಿನ ತಂತ್ರಾಂಶ) ತಯಾರಕರ ಡಿಜಿಟಲ್ ಸಹಿ ಇದೆಯಾ, ಬೋರ್ಡ್ ಮೇಲಿನ ಡೀಬಗ್ ಪೋರ್ಟ್ (ತಯಾರಕರು ಪರೀಕ್ಷೆಗೆ ಬಳಸುವ ಕಿಂಡಿ) ಮುಚ್ಚಿದೆಯಾ, ಒಳಗಿನ ಚಿಪ್ ಎಲ್ಲಿಂದ ಬಂತು ಅಂತ ನೋಡುತ್ತಾರೆ. ಪರೀಕ್ಷೆಗೆ ಸಮಯ ಹಿಡಿಯುತ್ತದೆ, ತಯಾರಕರು ಅದಕ್ಕೆ ಗೊಣಗಿದ್ದೂ ಇದೆ. ಆದರೂ ನನಗೆ ಇದೇ ಸರಿ ಅನಿಸುತ್ತದೆ. ಹೆಸರು ನೋಡಿ ತಡೆದರೆ ಅದೇ ಪೆಟ್ಟಿಗೆ ಬೇರೆ ಸ್ಟಿಕರ್ ಅಂಟಿಸಿಕೊಂಡು ಬರುತ್ತದೆ.

ಸ್ಟಿಕರ್ ಅಂದದ್ದು ಸುಮ್ನೆ ಅಲ್ಲ. ಹಿಕ್‌ವಿಷನ್, ದಾಹುವಾ ಎರಡೂ ಬೇರೆ ಎಷ್ಟೋ ಬ್ರ್ಯಾಂಡ್‌ಗಳಿಗೆ ಕ್ಯಾಮೆರಾ ಮಾಡಿಕೊಡುತ್ತವೆ. ಮನೆ ಬಳಕೆಗೆ ಹೆಸರಾದ ಲೊರೆಕ್ಸ್ ಬ್ರ್ಯಾಂಡ್ 2023ರವರೆಗೆ ದಾಹುವಾ ಕೈಯಲ್ಲೇ ಇತ್ತು. ಪೆಟ್ಟಿಗೆ ಮೇಲಿನ ಹೆಸರು ಓದಿ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ, ಅಲ್ವಾ? ನಾನು ಮಾಡುವುದು ಹೀಗೆ. ಕ್ಯಾಮೆರಾ ಹಿಂದಿನ ಲೇಬಲ್ ಮೇಲೆ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಸಾಧನದ ಗುರುತಿನ ಸಂಖ್ಯೆ) ಇರುತ್ತದೆ. ಅದರ ಮೊದಲ ಆರು ಅಕ್ಷರವನ್ನು ಮ್ಯಾಕ್ ಹುಡುಕುವ ಯಾವುದಾದರೂ ತಾಣದಲ್ಲಿ ಹಾಕಿ ನೋಡುತ್ತೇನೆ. ನೆಟ್‌ವರ್ಕ್ ಚಿಪ್‌ಗೆ ವಿಳಾಸ ಕೊಟ್ಟ ತಯಾರಕರ ಹೆಸರು ಬರುತ್ತದೆ. ಆಮೇಲೆ ಯಾವ ಪೋರ್ಟ್ (ನೆಟ್‌ವರ್ಕ್‌ನಿಂದ ಒಳಬರುವ, ನಂಬರ್ ಇರುವ ಬಾಗಿಲು) ತೆರೆದಿದೆ ಅಂತ ನೋಡುತ್ತೇನೆ. 8000 ಇದ್ದರೆ ಹಿಕ್‌ವಿಷನ್ ಕುಟುಂಬ, 37777 ಇದ್ದರೆ ದಾಹುವಾ ಕುಟುಂಬ ಅನ್ನುವ ಅನುಮಾನ ಗಟ್ಟಿಯಾಗುತ್ತದೆ.

ಈಗ ಆ ನಿಧಾನದ ಪೆಟ್ಟು ಏನು ಅಂತ ಹೇಳುತ್ತೇನೆ. ಕಂಪನಿ ಒಂದು ದೇಶದಿಂದ ಕಾಲು ತೆಗೆದರೆ ಅಲ್ಲಿನ ಸೇವಾ ಕೇಂದ್ರ, ಬಿಡಿಭಾಗ, ವಾರಂಟಿ ಎಲ್ಲ ಒಂದೊಂದಾಗಿ ಬಡವಾಗುತ್ತವೆ. ಎನ್‌ವಿಆರ್‌ನ ಪವರ್ ಬೋರ್ಡ್ ಸುಟ್ಟರೆ ಅದೇ ಮಾದರಿ ಸಿಗುವುದಿಲ್ಲ. ಆಗ ಕೆಲವರು ಹಿಂಬಾಗಿಲ ದಾರಿ ಹಿಡಿಯುತ್ತಾರೆ. ಚೀನಾ ಮಾರುಕಟ್ಟೆಗೆ ಮಾಡಿದ ಕ್ಯಾಮೆರಾದ ಮೆನುವನ್ನು ಇಂಗ್ಲಿಷಿಗೆ ತಿದ್ದಿ ಮಾರುವವರು ಇದ್ದಾರೆ. ಬೆಲೆ ಕಡಿಮೆ, ಚಿತ್ರ ಚೆನ್ನಾಗಿ ಬರುತ್ತದೆ. ಮುಂದೆ ಒಂದು ದಿನ ಅಂತರರಾಷ್ಟ್ರೀಯ ಫರ್ಮ್‌ವೇರ್ ಹಾಕಿದರೆ ಭಾಷೆ ಹೊಂದುತ್ತಿಲ್ಲ ಅನ್ನುವ ಸಂದೇಶ ತೋರಿಸಿ ನಿಂತುಬಿಡುತ್ತದೆ. ಒತ್ತಾಯ ಮಾಡಿದರೆ ಕ್ಯಾಮೆರಾ ಸತ್ತೇ ಹೋಗಬಹುದು. ಅದರರ್ಥ ಅಂಥ ಕ್ಯಾಮೆರಾಗೆ ಭದ್ರತಾ ಅಪ್‌ಡೇಟ್ ಅನ್ನುವುದೇ ಇಲ್ಲ. ನಿಷೇಧ ಯಾವುದನ್ನು ತಡೆಯಲು ಬಂತೋ ಅದನ್ನೇ ಜನರ ಮನೆಗೆ ತಂದುಬಿಡುತ್ತದೆ.

ದುಡ್ಡಿನ ವಿಷಯದಲ್ಲೂ ಮಾಲೀಕರ ಪರ ಯಾರೂ ಇಲ್ಲ. ಹುವಾವೇ, ಜೆಡ್‌ಟಿಇ ಉಪಕರಣ ಕಿತ್ತು ಬದಲಿಸಲು ಸಣ್ಣ ದೂರಸಂಪರ್ಕ ಕಂಪನಿಗಳಿಗೆ ಅಮೆರಿಕ ಮೊದಲು 190 ಕೋಟಿ ಡಾಲರ್ ಎತ್ತಿಟ್ಟಿತು. ಆ ಯೋಜನೆಯಲ್ಲಿ ಕ್ಯಾಮೆರಾ ಮಾಲೀಕರಿಗೆ ಬಿಡಿಗಾಸೂ ಇರಲಿಲ್ಲ. ಕಾನೂನು ಒಪ್ಪಿದ ದಿನ ಒಪ್ಪಿದ ವಸ್ತು ಕೊಂಡವರು ಇವರು. ಇದು ನ್ಯಾಯ ಅಲ್ಲ ಅಂತ ನಾನು ಖಂಡಿತ ಹೇಳುತ್ತೇನೆ.

ಹಾಗಂತ ಭಯ ಸುಳ್ಳು ಅಂತ ತಿಳಿಯಬೇಡಿ. 2021ರ ಸೆಪ್ಟೆಂಬರ್‌ನಲ್ಲಿ ಹಿಕ್‌ವಿಷನ್‌ನ ಒಂದು ದೋಷ ಹೊರಬಿತ್ತು, ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2021-36260. ಪಾಸ್‌ವರ್ಡ್ ಬೇಡ, ಕ್ಯಾಮೆರಾದ ವೆಬ್ ಪುಟಕ್ಕೆ ತಲುಪಿದರೆ ಸಾಕು, ಇಡೀ ಕ್ಯಾಮೆರಾ ಕೈಗೆ ಸಿಗುತ್ತಿತ್ತು. ಅಪ್‌ಡೇಟ್ ಆಗಲೇ ಬಂದಿದೆ, ಹಾಕಿಕೊಳ್ಳದವರು ಇನ್ನೂ ಇದ್ದಾರೆ. ಆದರೆ ದೋಷ ಚೀನಾದ್ದಕ್ಕೆ ಮಾತ್ರ ಮೀಸಲಲ್ಲ. 2021ರ ಮಾರ್ಚ್‌ನಲ್ಲಿ ಅಮೆರಿಕದ ವರ್ಕಾಡಾ ಕಂಪನಿಗೆ ನುಗ್ಗಿದವರಿಗೆ ಸುಮಾರು 1,50,000 ಕ್ಯಾಮೆರಾಗಳು ಕಾಣಿಸಿದವು, ಆಸ್ಪತ್ರೆ, ಜೈಲು ಎಲ್ಲ ಸೇರಿ.

ಹಾಗಾಗಿ ಇರುವ ಕ್ಯಾಮೆರಾಗಳನ್ನು ಇಂಟರ್ನೆಟ್‌ನಿಂದ ದೂರ ಇಡಿ. ಇದೊಂದೇ ಕೆಲಸ ಅರ್ಧಕ್ಕಿಂತ ಜಾಸ್ತಿ ಅಪಾಯ ಕಡಿಮೆ ಮಾಡುತ್ತದೆ ಅಂತ ನನ್ನ ನಂಬಿಕೆ. ಎನ್‌ವಿಆರ್ ಹಿಂದೆ ಪಿಒಇ ಪೋರ್ಟ್‌ಗಳಿದ್ದರೆ (ಒಂದೇ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ ಹೋಗುವ ಕಿಂಡಿಗಳು) ಕ್ಯಾಮೆರಾಗಳನ್ನು ಅಲ್ಲಿಗೇ ಸಿಕ್ಕಿಸಿ. ಆಗ ಅವು ಎನ್‌ವಿಆರ್‌ನ ಒಳಗಿನ ನೆಟ್‌ವರ್ಕ್‌ನಲ್ಲಿ ಇರುತ್ತವೆ, ಹಿಕ್‌ವಿಷನ್‌ನಲ್ಲಿ ವಿಳಾಸ 192.168.254 ಅಂತ ಶುರುವಾಗುತ್ತದೆ. ಮನೆಯ ರೂಟರ್‌ಗೆ ನೇರ ಸಂಪರ್ಕ ಇರುವುದಿಲ್ಲ. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವೇ ಹೊರಗಿನ ಬಾಗಿಲು ತೆರೆಸಿಕೊಳ್ಳುವ ವ್ಯವಸ್ಥೆ) ಆಫ್ ಮಾಡಿ, ಪೋರ್ಟ್ ಫಾರ್ವರ್ಡ್ (ಕೈಯಾರೆ ತೆರೆದಿಟ್ಟ ಅಂಥದ್ದೇ ಬಾಗಿಲು) ಇದ್ದರೆ ತೆಗೆಯಿರಿ. ಹೊರಗಿಂದ ನೋಡಲೇಬೇಕಿದ್ದರೆ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಗುಪ್ತ, ಸುರಕ್ಷಿತ ದಾರಿ) ಹಾಕಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದದ್ದು ಇಂಟರ್ನೆಟ್‌ಗೆ ತೆರೆದಿದ್ದ ಬಾಗಿಲು ಮತ್ತು ಬದಲಿಸದ ಪಾಸ್‌ವರ್ಡ್‌ಗಳಿಂದ.

ಸೇರಿಸಬೇಕಿರುವ ಎರಡು ಕ್ಯಾಮೆರಾಗೆ ಅದೇ ಬ್ರ್ಯಾಂಡ್ ಬೇಕಿಲ್ಲ. ಒನ್‌ವಿಫ್ (ಬೇರೆ ಬೇರೆ ಬ್ರ್ಯಾಂಡ್ ಒಟ್ಟಿಗೆ ಕೆಲಸ ಮಾಡಲು ಇರುವ ಸಾಮಾನ್ಯ ಮಾನದಂಡ) ಬೆಂಬಲ ಇರುವ ಬೇರೆ ತಯಾರಕರದ್ದು ಕೊಳ್ಳಿ. ಚಿತ್ರ, ರೆಕಾರ್ಡಿಂಗ್ ಸಾಮಾನ್ಯವಾಗಿ ಸಲೀಸು. ವ್ಯಕ್ತಿ, ವಾಹನ ಗುರುತಿಸುವ ಅಲರ್ಟ್‌ಗಳು ಮಾತ್ರ ಬ್ರ್ಯಾಂಡ್ ದಾಟಿದಾಗ ಎಷ್ಟೋ ಸಲ ಕೆಲಸ ಮಾಡುವುದಿಲ್ಲ, ಕೊಳ್ಳುವ ಮುಂಚೆ ಕೇಳಿ. ಅಂಗಡಿಯವರಿಗೆ ಇನ್ನೆರಡು ಪ್ರಶ್ನೆ ಹಾಕಿ: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ, ಈ ಮಾದರಿ ನಿಮ್ಮ ದೇಶದ ಪರೀಕ್ಷೆ ಪಾಸಾಗಿದೆಯಾ. ಬರವಣಿಗೆಯಲ್ಲಿ ಉತ್ತರ ಕೊಡದವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ. ನಿಮ್ಮ ಅಂಗಡಿ ಸರ್ಕಾರಕ್ಕೆ ಏನಾದರೂ ಪೂರೈಸುತ್ತಿದ್ದರೆ ಗುತ್ತಿಗೆ ಪತ್ರವನ್ನು ಇನ್ನೊಮ್ಮೆ ಓದಿ, ಆ ಜಾಗದ ಕ್ಯಾಮೆರಾ ವಿಷಯ ಬೇರೆಯೇ ಆಗಬಹುದು.

ಮುಂದೆ ಹಳೆಯದನ್ನು ಮಾರುವಾಗ ಅಥವಾ ಎಸೆಯುವಾಗ ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಸಾಧನವನ್ನು ಮೊದಲು ತೆಗೆದುಹಾಕಿ. ಹಾಗೇ ಬಿಟ್ಟರೆ ಕೊಂಡವರು ಅದನ್ನು ತಮ್ಮ ಖಾತೆಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಅದರಲ್ಲಿ ನಿಮ್ಮ ಮನೆಯವರ ಓಡಾಟ ಇದೆ.