ಆಫ್ರಿಕಾದ ಲೇಖಕರೇ ತಮ್ಮ ಖಂಡದ ಬಗ್ಗೆ ಪ್ರವಾಸ ಕಥನ ಬರೆದಿದ್ದಾರಾ?

ಖಂಡಿತ, ಅದೂ ಬಹಳ ಹಿಂದಿನಿಂದ. ಮೊರಾಕ್ಕೋದ ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತಾ 1352ರಲ್ಲಿ ಸಹಾರಾ ದಾಟಿ ಮಾಲಿಗೆ ಹೊರಟ. ಅವನ ವಿವರಗಳು ಇಂದಿಗೂ ಇತಿಹಾಸಕಾರರಿಗೆ ಆಧಾರ.

ಈ ಕಾಲದವರಲ್ಲಿ ನಾನು ಮೊದಲು ಹೇಳುವ ಹೆಸರು ನೂ ಸಾರೋ-ವಿವಾ. ಹುಟ್ಟಿದ್ದು ನೈಜೀರಿಯಾದಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಪ್ಪ ಕೆನ್ ಸಾರೋ-ವಿವಾ ಲೇಖಕ, ಪರಿಸರ ಹೋರಾಟಗಾರ. 1995ರಲ್ಲಿ ಅಲ್ಲಿನ ಸೈನಿಕ ಸರ್ಕಾರ ಅವರನ್ನು ಗಲ್ಲಿಗೇರಿಸಿತು. ಅದೇ ದೇಶಕ್ಕೆ ಮಗಳು ಮರಳಿ ಬಂದು, ಲಾಗೋಸ್, ಇಬಾಡಾನ್, ಕಾನೋ ಎಲ್ಲ ಸುತ್ತಿ, 2012ರಲ್ಲಿ 'ಲುಕಿಂಗ್ ಫಾರ್ ಟ್ರಾನ್ಸ್‌ವಂಡರ್‌ಲ್ಯಾಂಡ್' ಪ್ರಕಟಿಸಿದರು. ಸಿಟ್ಟು, ಪ್ರೀತಿ ಎರಡೂ ಅದರಲ್ಲಿವೆ. ಸುಮ್ನೆ ನೋಡಿ ಹೋಗುವವರಿಗೆ ಹಾಗೆ ಬರೆಯುವುದು ಕಷ್ಟ, ಅಲ್ವಾ?

ದಕ್ಷಿಣ ಆಫ್ರಿಕಾದ ಸಿಹ್ಲೆ ಖುಮಾಲೊ ಅವರನ್ನೂ ಓದಿ. ಕೆಲಸ ಬಿಟ್ಟು, ಜನಸಾಮಾನ್ಯರ ಬಸ್ಸು, ರೈಲು ಹಿಡಿದು ಕೇಪ್‌ಟೌನ್‌ನಿಂದ ಕೈರೋವರೆಗೆ ಹೋದವರು ಅವರು.