ನೋಡೋದಕ್ಕೂ ಕಲಿಯಬೇಕು, ಮೇಷ್ಟ್ರೇ

ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಹಿಡಿದು ಕೂರಿಸಿತು. ಬರೆದವರು ನಿವೃತ್ತ ಶಿಕ್ಷಕರು. ಕಳೆದ ಸಂಚಿಕೆಯಲ್ಲಿ ನಾವು ವಿಡಿಯೋ ಗೇಮ್ ಪಂದ್ಯಾವಳಿಗಳ ಬಗ್ಗೆ, ಈಗ ಇ-ಸ್ಪೋರ್ಟ್ಸ್ ಅನ್ನುತ್ತಾರಲ್ಲ, ಅದರ ಬಗ್ಗೆ ಅರ್ಧ ಪುಟ ಬರೆದಿದ್ದೆವು. ಅದು ಅವರಿಗೆ ಹಿಡಿಸಿಲ್ಲ. ಅವರ ಮಾತು ಹೀಗಿದೆ:

"ನನ್ನ ಮೊಮ್ಮಗ ರಾತ್ರಿ ಊಟ ಆದ ಮೇಲೆ ಮೂರು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಆಡುತ್ತಿದ್ದರೆ ಅದು ಬೇರೆ ಮಾತು. ಇವನು ಆಡುವುದಿಲ್ಲ, ಇನ್ಯಾರೋ ಆಡುವುದನ್ನು ನೋಡುತ್ತಾನೆ. ನಾವು ರೇಡಿಯೋಗೆ ಕಿವಿ ಹಚ್ಚಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದೆವು. ಅದು ಆಟ. ಇದು ಬರೀ ಬೊಂಬೆಯಾಟ. ನಿಮ್ಮ ಪತ್ರಿಕೆಯೂ ಇದಕ್ಕೆ ಜಾಗ ಕೊಟ್ಟರೆ ಹೇಗೆ?"

ಮೇಷ್ಟ್ರೇ, ಮೊದಲು ನಿಮ್ಮ ಪಾಲಿನ ನ್ಯಾಯ ಒಪ್ಪಿಕೊಳ್ಳುತ್ತೇನೆ. ನಿದ್ದೆಗೆಟ್ಟು ಪರದೆ ನೋಡುವುದು ಯಾವ ವಯಸ್ಸಿಗೂ ಒಳ್ಳೆಯದಲ್ಲ. ಈ ಆಟದಲ್ಲೂ ಕೊಳಕು ಇದೆ. ದಕ್ಷಿಣ ಕೊರಿಯಾದಲ್ಲಿ 2010ರಲ್ಲಿ ಮ್ಯಾಚ್ ಫಿಕ್ಸಿಂಗ್ ಹೊರಬಿದ್ದು 11 ವೃತ್ತಿಪರ ಆಟಗಾರರು ನಿಷೇಧಕ್ಕೆ ಒಳಗಾದರು. ಮೊಮ್ಮಗನಿಗೆ ಹೊತ್ತಿಗೆ ಸರಿಯಾಗಿ ಮಲಗು ಅಂತ ಹೇಳಿ, ಖಂಡಿತ ಹೇಳಿ.

ಆದರೆ ರೇಡಿಯೋ ಮಾತು ತೆಗೆದಿರಲ್ಲ, ಅಲ್ಲಿಗೇ ಬರೋಣ. ನಾನೂ ಆ ರೇಡಿಯೋ ಮುಂದೆ ಕೂತು ಬೆಳೆದವನು. ಒಮ್ಮೆ ಯೋಚಿಸಿ ನೋಡಿ. ಆಗ ನಮಗೆ ಮೈದಾನ ಕಾಣುತ್ತಿರಲಿಲ್ಲ. ಚೆಂಡೂ ಕಾಣುತ್ತಿರಲಿಲ್ಲ. ಗರಗರ ಸದ್ದಿನ ನಡುವೆ ಒಂದು ದನಿ ಮಾತ್ರ. ಆ ದನಿ "ಮಿಡ್-ಆನ್" ಅಂದರೆ ಫೀಲ್ಡರ್ ಎಲ್ಲಿ ನಿಂತಿದ್ದಾನೆ ಅಂತ ನಮಗೆ ಗೊತ್ತಿತ್ತು. ಯಾರೋ ಒಬ್ಬರು ನಮಗೆ ಅದನ್ನು ಕಲಿಸಿದ್ದರು. ನನಗೆ ಕಲಿಸಿದ್ದು ಅಣ್ಣ, ನೆಲದ ಮೇಲೆ ಬೆಂಕಿಕಡ್ಡಿ ಜೋಡಿಸಿ. ಹಾಗೆ ಕಲಿತಿದ್ದಕ್ಕೇ ಕಾಣದ ಆಟ ನಮಗೆ ಕಾಣುತ್ತಿತ್ತು. ನೀವೂ ಆಡಿದವರಲ್ಲ, ಮೇಷ್ಟ್ರೇ. ನೀವು ಒಳ್ಳೆಯ ಪ್ರೇಕ್ಷಕರಾಗಿದ್ದಿರಿ. ನಿಮ್ಮ ಮೊಮ್ಮಗನೂ ಈಗ ಅದನ್ನೇ ಮಾಡುತ್ತಿದ್ದಾನೆ.

1972ನೇ ಇಸವಿ ನೆನಪಿದೆಯಾ? ಆ ವರ್ಷ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ಚೆಸ್ ವಿಶ್ವ ಪಟ್ಟಕ್ಕೆ ಸೆಣಸಿದರು. ಇಬ್ಬರು ಮನುಷ್ಯರು, ನಡುವೆ ಒಂದು ಮೇಜು, ಹೆಚ್ಚು ಹೊತ್ತು ಏನೂ ಅಲುಗಾಡುವುದಿಲ್ಲ. ಅದನ್ನು ಅಮೆರಿಕದ ಸಾರ್ವಜನಿಕ ಟಿವಿಯಲ್ಲಿ ಗಂಟೆಗಟ್ಟಲೆ ತೋರಿಸಿದರು. ತೋರಿಸಿದರು ಅಂದೆ, ಆದರೆ ಆಟಗಾರರನ್ನಲ್ಲ. ಶೆಲ್ಬಿ ಲೈಮನ್ ಎಂಬ ಚೆಸ್ ಶಿಕ್ಷಕ ದೊಡ್ಡ ಬೋರ್ಡ್ ಪಕ್ಕ ನಿಂತು, ದೂರದಿಂದ ಬಂದ ಒಂದೊಂದು ನಡೆಯನ್ನೂ ಬಿಡಿಸಿ ಹೇಳುತ್ತಿದ್ದರು. ಚೆಸ್ ಗೊತ್ತಿಲ್ಲದವರೂ ಅಂಟಿಕೊಂಡು ನೋಡಿದರು. ಆರನೇ ಆಟವನ್ನು ಫಿಷರ್ ಎಷ್ಟು ಚೆನ್ನಾಗಿ ಗೆದ್ದರೆಂದರೆ ಸಭಿಕರ ಜೊತೆ ಸೋತ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಬಹಳ ಇಷ್ಟ. ಸೋತವನೂ ಒಂದು ಗಳಿಗೆ ಪ್ರೇಕ್ಷಕನಾದ.

ಅದೇ ವರ್ಷ ಅಕ್ಟೋಬರ್ 19ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲವರು ಸೇರಿ ಸ್ಪೇಸ್‌ವಾರ್ ಎಂಬ ಕಂಪ್ಯೂಟರ್ ಆಟದ ಪಂದ್ಯ ಆಡಿದರು. ಬಹುಮಾನ ರೋಲಿಂಗ್ ಸ್ಟೋನ್ ಪತ್ರಿಕೆಯ ಒಂದು ವರ್ಷದ ಚಂದಾ. ಪತ್ರಿಕೆ ನಡೆಸುವ ನನಗೆ ಆ ಬಹುಮಾನದ ಮೇಲೆ ವಿಶೇಷ ಪ್ರೀತಿ. ಇ-ಸ್ಪೋರ್ಟ್ಸ್ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ.

ಇಷ್ಟೆಲ್ಲ ಓದಿ ತಿಳಿದಿದ್ದು. ನೋಡಲು ಕಲಿಸಿದ್ದು ನನ್ನ ಅಕ್ಕನ ಮಗಳು. ಒಂದು ರಾತ್ರಿ ಅವಳು ಕೌಂಟರ್-ಸ್ಟ್ರೈಕ್ ಪಂದ್ಯ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಗುಂಡು, ಗೋಡೆ, ಓಟ. ನನಗೆ ತಲೆಬುಡ ತಿಳಿಯಲಿಲ್ಲ. "ಮಾಮ, ಸುಮ್ನೆ ಗುಂಡು ನೋಡಬೇಡ, ಗಡಿಯಾರ ನೋಡು" ಅಂದಳು. ಎರಡು ತಂಡ, ತಂಡಕ್ಕೆ ಐದು ಜನ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಇಟ್ಟ ಬಾಂಬ್ 40 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯ ಮಾಡಲು, ಅವರ ಮಾತಲ್ಲಿ ಡಿಫ್ಯೂಸ್ ಮಾಡಲು, 10 ಸೆಕೆಂಡ್ ಬೇಕು. ಕೈಯಲ್ಲಿ ಅದಕ್ಕೆಂದೇ ಇರುವ ಸಲಕರಣೆ, ಅಂದರೆ ಕಿಟ್, ಇದ್ದರೆ 5 ಸಾಕು. ಇಷ್ಟು ಗೊತ್ತಾದ ಮೇಲೆ ಪರದೆಯೇ ಬದಲಾಯಿತು.

ಆ ಸುತ್ತಿನ ಕೊನೆಗೆ ಉಳಿದವರು ಇಬ್ಬರೇ. ಒಬ್ಬ ಪೆಟ್ಟಿಗೆಯ ಹಿಂದೆ ಅಡಗಿದ್ದಾನೆ. ಇನ್ನೊಬ್ಬನಿಗೆ ಅವನು ಎಲ್ಲಿದ್ದಾನೆಂದು ಗೊತ್ತಿಲ್ಲ. ನಮಗೆ ಗೊತ್ತು! ಪ್ರೇಕ್ಷಕರಿಗೆ ಗೋಡೆಯಾಚೆಗಿನ ಆಟಗಾರನ ಆಕಾರವೂ ಕಾಣುವಂತೆ ತೋರಿಸುತ್ತಾರೆ. ನಾಟಕದಲ್ಲಿ ಬಾಗಿಲ ಹಿಂದೆ ಅವಿತವನನ್ನು ಕಂಡು ಮಕ್ಕಳು "ಹಿಂದೆ ನೋಡು, ಹಿಂದೆ ನೋಡು" ಅಂತ ಕೂಗುತ್ತವಲ್ಲ, ಥೇಟ್ ಹಾಗೆ ನನ್ನ ಬಾಯಿಗೂ ಮಾತು ಬಂತು. ಅಷ್ಟರಲ್ಲಿ ಅವನು ಬಾಂಬ್ ಹತ್ತಿರ ಕೂತು ಡಿಫ್ಯೂಸ್ ಶುರು ಮಾಡಿದ. ಅದರ ಸದ್ದು ಅಡಗಿದವನಿಗೆ ಕೇಳಿಸಿತು. ಈಗಲೇ ಸಮಯ ಅಂತ ಹೊರಗೆ ಬಂದ. ಆದರೆ ಕೂತವನು ಆಗಲೇ ಕೈಬಿಟ್ಟು ಬಂದೂಕು ತಿರುಗಿಸಿ ಕಾಯುತ್ತಿದ್ದ. ಆ ಸದ್ದು ಬರೀ ಗಾಳ. ಒಂದೇ ಗುಂಡಿಗೆ ಎದುರಾಳಿ ಬಿದ್ದ. ಇನ್ನು ಎಂಟು ಸೆಕೆಂಡ್ ಇತ್ತು. ಅಕ್ಕನ ಮಗಳು ಎದ್ದು ನಿಂತು "ಕಿಟ್ ಇದೆ, ಕಿಟ್ ಇದೆ!" ಅಂತ ಕೂಗಿದಳು. ಆ ಕೂಗು ಯಾಕೆ ಅಂತ ನನಗೆ ಅರ್ಥವಾಯಿತು. ಹತ್ತು ನಿಮಿಷದ ಹಿಂದೆ ಆಗುತ್ತಿರಲಿಲ್ಲ.

ಆಟಗಾರನಿಗಿಂತ ನೋಡುವವನಿಗೆ ಜಾಸ್ತಿ ಗೊತ್ತಿರುವ ಆಟ ಇದು. ಹಾಗಾಗಿ ದೊಡ್ಡ ಸಭಾಂಗಣಗಳಲ್ಲಿ ಆಟಗಾರರಿಗೆ ಹೊರಗಿನ ಸದ್ದು ಕೇಳದಂತೆ ಹೆಡ್‌ಫೋನ್ ಹಾಕುತ್ತಾರೆ. ಕೆಲವು ಆಟಗಳಲ್ಲಿ ಗಾಜಿನ ಕೋಣೆಯೊಳಗೇ ಕೂರಿಸಿದ್ದಾರೆ. ಜನ ಹೋ ಅಂದರೆ ಗುಟ್ಟು ಬಯಲಾಗುತ್ತದೆ. ಇನ್ನೊಂದು ಕೆಲಸವಿದೆ, ಅಬ್ಸರ್ವರ್ ಅಂತ. ಈ ಕ್ಷಣ ಯಾರ ಕಣ್ಣಿನಿಂದ ಆಟ ತೋರಿಸಬೇಕು ಎಂದು ಆರಿಸುವುದೇ ಅವರ ಕೆಲಸ. ಒಂದು ಸೆಕೆಂಡ್ ತಡವಾದರೆ ಮುಖ್ಯ ಗುಂಡು ಪ್ರೇಕ್ಷಕರ ಕೈತಪ್ಪುತ್ತದೆ. ಕ್ಯಾಸ್ಟರ್‌ಗಳು, ಅಂದರೆ ಇಲ್ಲಿನ ಕಾಮೆಂಟೇಟರ್‌ಗಳು, ಬಹಳ ಸಲ ಜೋಡಿ. ಒಬ್ಬರು ಏನಾಯಿತು ಅಂತ ಓಡುತ್ತ ಹೇಳುತ್ತಾರೆ, ಇನ್ನೊಬ್ಬರು ಯಾಕಾಯಿತು ಅಂತ ನಿಂತು ಹೇಳುತ್ತಾರೆ. ನಮ್ಮ ರೇಡಿಯೋ ಜೋಡಿಯೂ ಹಾಗೇ ಇತ್ತು, ಅಲ್ವಾ?

ಇನ್ನೊಂದು ಹೇಳದೆ ಇರಲಾರೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೊ ಪಂದ್ಯಾವಳಿ. ಪರದೆಯ ಮೇಲೆ ಇಬ್ಬರು ಗುದ್ದಾಡುವ ಸ್ಟ್ರೀಟ್ ಫೈಟರ್ ಆಟ. ಜಪಾನಿನ ಡೈಗೊ ಉಮೆಹಾರ, ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್. ಡೈಗೊ ಬಳಿ ಕೂದಲೆಳೆಯಷ್ಟು ಪ್ರಾಣ ಉಳಿದಿತ್ತು. ವಾಂಗ್ ಬಿಟ್ಟ ಮಹಾಪೆಟ್ಟಿನಲ್ಲಿ ಹದಿನೈದು ಏಟು. ಅದನ್ನು ಸುಮ್ಮನೆ ತಡೆದರೂ ಚೂರು ಚೂರು ಪ್ರಾಣ ಸೋರಿ ಸೋಲು ಖಚಿತ. ಉಳಿದ ದಾರಿ ಒಂದೇ, ಪ್ಯಾರಿ. ಅದಕ್ಕೆ ಹಿಂದೆ ಸರಿಯುವಂತಿಲ್ಲ. ಪ್ರತಿ ಏಟು ತಾಗುವ ಗಳಿಗೆಯಲ್ಲಿ ಕೈಯಲ್ಲಿರುವ ಜಾಯ್‌ಸ್ಟಿಕ್ ಕೋಲನ್ನು ಎದುರಾಳಿಯ ಕಡೆಗೇ ತಳ್ಳಬೇಕು. ಮೊದಲ ಏಟನ್ನಂತೂ ನೋಡಿ ತಳ್ಳಿದರೆ ತಡ, ಮೊದಲೇ ಊಹಿಸಿರಬೇಕು. ಡೈಗೊ ಹದಿನೈದನ್ನೂ ಹಾಗೇ ತಡೆದು, ತಿರುಗಿ ಹೊಡೆದು ಗೆದ್ದರು. ಮೂರನೇ ನಾಲ್ಕನೇ ಏಟಿಗೇ ಜನ ಎದ್ದು ಕೂಗಲು ಶುರು ಮಾಡುವುದು ವಿಡಿಯೋದಲ್ಲಿ ಕೇಳುತ್ತದೆ. ಯಾಕೆ ಹೇಳಿ? ಅಲ್ಲಿದ್ದವರಿಗೆ ಅದು ಎಷ್ಟು ಕಷ್ಟ ಅಂತ ಗೊತ್ತಿತ್ತು. ಆ ಪಂದ್ಯಾವಳಿಯ ಫೈನಲ್‌ನಲ್ಲಿ ಡೈಗೊ ಸೋತರು. ಆದರೆ ಜನ ಇಂದಿಗೂ ಹಾಕಿಕೊಂಡು ನೋಡುವುದು ಆ ಹದಿನೈದು ಏಟುಗಳನ್ನೇ.

ಅದೇ 2004ರಲ್ಲಿ ಕೊರಿಯಾದ ಬೂಸಾನ್ ಕಡಲ ತೀರದಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಫೈನಲ್ ನೋಡಲು ಸುಮಾರು ಒಂದು ಲಕ್ಷ ಜನ ಸೇರಿದ್ದರು ಎನ್ನುತ್ತಾರೆ. ಅಷ್ಟು ಜನ ಒಮ್ಮೆಲೇ ಮರುಳಾಗಲಿಲ್ಲ. 2000ದಿಂದಲೇ ಅಲ್ಲಿ ಆಟಗಳಿಗೆಂದೇ ಒಂದು ಟಿವಿ ಚಾನೆಲ್ ಇತ್ತು. ಅದು ದಿನಾ ಕೂರಿಸಿ ನೋಡಲು ಕಲಿಸಿತ್ತು.

ಇಷ್ಟು ಬರೆದ ಮೇಲೆ ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಅದು ನಿಮ್ಮ ಮೇಲಲ್ಲ, ನಮ್ಮ ಪತ್ರಿಕೆಯವರ ಮೇಲೆ. ಇ-ಸ್ಪೋರ್ಟ್ಸ್ ಸುದ್ದಿ ಅಂದರೆ ನಾವು ಬರೆಯುವುದು ದುಡ್ಡಿನ ಲೆಕ್ಕ. ಡೋಟಾ ಎಂಬ ಆಟದ 2021ರ ವಿಶ್ವ ಪಂದ್ಯಾವಳಿಗೆ 4 ಕೋಟಿ ಡಾಲರ್ ಬಹುಮಾನ ಅಂತ ದೊಡ್ಡಕ್ಷರದಲ್ಲಿ ಬರೆದೆವು. ಆ ಹಣದ ಬಹುಪಾಲು ಎಲ್ಲಿಂದ ಬಂತು ಅಂತ ಎಷ್ಟು ಜನ ಬರೆದರು? ಆಟದೊಳಗಿನ ಹೆಚ್ಚುವರಿ ಸವಲತ್ತುಗಳಿಗಾಗಿ ಅಭಿಮಾನಿಗಳು ಕೊಂಡ ಬ್ಯಾಟಲ್ ಪಾಸ್ ಎಂಬ ಪಾಸಿನ ಮಾರಾಟದ ಕಾಲು ಭಾಗ ಅದಕ್ಕೆ ಸೇರಿತ್ತು. ಅಂದರೆ ನೋಡುವವರೇ ಕೊಟ್ಟ ದುಡ್ಡು. ಕೊರೋನಾದಿಂದಾಗಿ ಬುಕಾರೆಸ್ಟ್‌ನ ಆ ಸಭಾಂಗಣಕ್ಕೆ ಅವರನ್ನೇ ಬಿಡಲಾಗಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಟೀಮ್ ಸ್ಪಿರಿಟ್ ಎಂಬ ತಂಡ ಐದನೇ ಆಟದವರೆಗೆ ಹೋರಾಡಿ ಗೆದ್ದಿತು. ಹೇಗೆ ಗೆದ್ದಿತು ಅಂತ ನಾವು ಬರೆಯಲಿಲ್ಲ. ಕ್ರಿಕೆಟ್, ಫುಟ್‌ಬಾಲ್‌ಗೂ ಈಗ ಇದೇ ಗತಿ. ಸ್ಕೋರ್ ಇದೆ, ಸಂಬಳ ಇದೆ, ಜಗಳ ಇದೆ. ಆಟ ಹೇಗಿತ್ತು ಅಂತ ಒಂದು ಸಾಲಿಲ್ಲ. ಇತ್ತ ಅರ್ಧ ನಿಮಿಷದ ತುಣುಕು ನೋಡಿ ಪಂದ್ಯ ನೋಡಿದೆ ಅನ್ನುವವರು ಜಾಸ್ತಿಯಾಗಿದ್ದಾರೆ. ಹಾಗಿರುವಾಗ ಮೂರು ಗಂಟೆ ಒಂದೇ ಪಂದ್ಯಕ್ಕೆ ಮನಸ್ಸು ಕೊಡುವ ಹುಡುಗನನ್ನು ನಾನು ಹೇಗೆ ಬೈಯಲಿ?

ನೀವು ಬೈಯಲೇಬೇಕಾದರೆ ಬೇರೆ ಜಾಗ ತೋರಿಸುತ್ತೇನೆ. ಚೆಸ್‌ಗೆ ಮಾಲೀಕರಿಲ್ಲ. ಫುಟ್‌ಬಾಲನ್ನು ಯಾರೂ ಮುಚ್ಚಲಾರರು. ಆದರೆ ಇಲ್ಲಿ ಒಂದೊಂದು ಆಟಕ್ಕೂ ಒಂದು ಕಂಪನಿ ಒಡೆಯ. 2018ರ ಡಿಸೆಂಬರ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಹೀರೋಸ್ ಆಫ್ ದಿ ಸ್ಟಾರ್ಮ್ ಆಟದ ವೃತ್ತಿಪರ ಲೀಗ್ ಮುಂದಿನ ವರ್ಷ ಇರುವುದಿಲ್ಲ ಎಂದು ಪ್ರಕಟಿಸಿತು. ಅಷ್ಟೇ. ಆಟಗಾರರು, ಕ್ಯಾಸ್ಟರ್‌ಗಳು, ವರ್ಷಗಟ್ಟಲೆ ನೋಡಿ ಪಳಗಿದ ಜನ, ಎಲ್ಲರೂ ಬೀದಿಗೆ ಬಂದಂತಾಯಿತು. ಕಷ್ಟಪಟ್ಟು ಕಲಿತ ನೋಟ ಒಂದು ಪ್ರಕಟಣೆಗೆ ಕೆಲಸಕ್ಕೆ ಬಾರದೆ ಹೋಯಿತು. ಈ ಬಗ್ಗೆ ನಿಮ್ಮಂಥವರು ಒಂದು ಖಾರವಾದ ಪತ್ರ ಬರೆದರೆ ಮೊದಲ ಪುಟದಲ್ಲೇ ಹಾಕುತ್ತೇನೆ.

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೀರಿ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇವತ್ತು ರಾತ್ರಿ ಒಂದು ಗಂಟೆ ಮೊಮ್ಮಗನ ಪಕ್ಕ ಕೂತುಕೊಳ್ಳಿ. ಅವನು ಪಾಠ ಹೇಳಲಿ. ಅವನು ಯಾವ ಆಟ ನೋಡುತ್ತಾನೋ ನೀವು ಬರೆದಿಲ್ಲ. ಕೌಂಟರ್-ಸ್ಟ್ರೈಕ್ ಆಗಿದ್ದರೆ, ಬಾಂಬ್ ಇಟ್ಟ ಕೂಡಲೇ ಮೆಲ್ಲಗೆ ಕೇಳಿ: "ಕಿಟ್ ಇದೆಯೇನೋ?" ಅವನು ನಿಮ್ಮ ಕಡೆ ತಿರುಗಿ ನೋಡುತ್ತಾನಲ್ಲ, ಆ ಮುಖ ಹೇಗಿತ್ತು ಅಂತ ನನಗೆ ಬರೆಯಿರಿ.

— ಸಂಪಾದಕ