ಗ್ರೂಪಿನಲ್ಲಿ ಹಾಕಿದರೂ ಮುಂದಿನ ಶಿಫ್ಟಿಗೆ ವಿಷಯ ತಲುಪುತ್ತಿಲ್ಲ, ಏನು ಮಾಡುವುದು?

ಶಿಫ್ಟ್ ಮುಗಿಯುವಾಗ ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕುತ್ತೀರಿ, ಆದರೂ ಮುಂದಿನವರು ‘ನಮಗೆ ಗೊತ್ತೇ ಇರಲಿಲ್ಲ’ ಅನ್ನುತ್ತಾರೆ, ಬೇರೆ ಆ್ಯಪ್ ತಗೋಬೇಕಾ ಅಂತ ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ.

ನಾನು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಗ್ರೂಪಿಗೆ ಹಾಕಿದರೆ ಹೇಳಿದ ಹಾಗಾಗಲ್ಲ, ನಮ್ಮ ತಲೆಯಿಂದ ಇಳಿಸಿಕೊಂಡ ಹಾಗೆ ಅಷ್ಟೇ.

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಆದದ್ದೂ ಇದೇ. ಹಗಲಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಬಾಯಿಗೆ ಒಂದು ಪ್ಲೇಟ್ ಮುಚ್ಚಿಟ್ಟಿದ್ದರು. ಸಂಜೆಗೆ ಕೆಲಸ ಮುಗಿಯಲಿಲ್ಲ. ಹೇಳೋಣ ಅಂತ ಹೋದರೆ ಇನ್‌ಚಾರ್ಜ್ ಬಿಜಿ, ಹಾಗಾಗಿ ಪರ್ಮಿಟ್ ಕಾಗದ, ಅಂದರೆ ಆ ಕೆಲಸದ ಅನುಮತಿ ಪತ್ರ, ಅಲ್ಲೇ ಇಟ್ಟು ಹೊರಟರು. ರಾತ್ರಿ ಇನ್ನೊಂದು ಪಂಪ್ ನಿಂತುಹೋಯಿತು. ರಾತ್ರಿ ಶಿಫ್ಟಿನವರ ಕೈಗೆ ಸಿಕ್ಕಿದ್ದು ವಾಲ್ವ್ ಬಿಚ್ಚಿದ್ದ ಪಂಪಿನದೇ ಬೇರೊಂದು ಕೆಲಸದ ಪರ್ಮಿಟ್, ಆ ಕೆಲಸ ಶುರುವೇ ಆಗಿರಲಿಲ್ಲ, ಸರಿ ಅಂತ ಆ ಪಂಪನ್ನೇ ಚಾಲೂ ಮಾಡಿದರು. ಗ್ಯಾಸ್ ಸೋರಿ ಬೆಂಕಿ ಹತ್ತಿ 167 ಜನ ಸತ್ತರು. ಲಾರ್ಡ್ ಕಲನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, ಅದರಲ್ಲಿ ಪರ್ಮಿಟ್ ವ್ಯವಸ್ಥೆ, ಶಿಫ್ಟ್ ಹ್ಯಾಂಡೋವರ್ ಎರಡಕ್ಕೂ ಚೆನ್ನಾಗೇ ಬಿತ್ತು. ನಿಯಮ ಇತ್ತು, ಬರೆದೂ ಇದ್ದರು, ನೋಡಿ!

ನಮ್ಮಲ್ಲಿ ಹಾಗೆ ಬೆಂಕಿ ಹತ್ತದೇ ಇರಬಹುದು, ರಿಜೆಕ್ಷನ್ ಅಂತೂ ಗ್ಯಾರಂಟಿ. ಹ್ಯಾಂಡೋವರ್ ಆಫೀಸಿನಲ್ಲಿ ಬೇಡ, ಮಷಿನ್ ಮುಂದೆ ನಿಂತು ಮಾಡಿ. ಇಡೀ ದಿನದ ಕಥೆ ಬೇಕಾಗಿಲ್ಲ. ಏನು ಅರ್ಧಕ್ಕೆ ನಿಂತಿದೆ, ಯಾವ ಆಫ್‌ಸೆಟ್ (ಮಷಿನ್‌ನಲ್ಲಿ ಟೂಲಿಗೆ ಕೊಡುವ ಅಳತೆಯ ಹೊಂದಾಣಿಕೆ) ಬದಲಾಯಿಸಿದ್ದೀರಿ, ಯಾವುದನ್ನು ಮುಟ್ಟಬಾರದು, ಇಷ್ಟು ಸಾಕು. ಕೇಳಿದವನು ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ‘ಆಯ್ತು ಸಾರ್’ ಅಂದರೆ ಒಪ್ಪಬೇಡಿ, ನಮ್ಮ ಕಡೆ ಅರ್ಥವಾಗದಿದ್ದರೂ ಆಯ್ತು ಸಾರ್ ಅನ್ನುತ್ತಾರೆ. ಬಿಹಾರ, ಒಡಿಶಾದ ಹುಡುಗರು ಜಾಸ್ತಿ ಇದ್ದರೆ ಹಿಂದಿಯಲ್ಲೇ ಹೇಳಿ, ಇಂಗ್ಲಿಷ್ ಮೆಸೇಜ್ ಹಾಕಿ ಕೂತರೆ ಯಾರಿಗೆ ಉಪಯೋಗ? ರಿಪೇರಿಯಲ್ಲಿರುವ ಮಷಿನ್‌ಗೆ ಮೆಸೇಜ್ ಸಾಲದು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಟ್ಯಾಗ್ ಕಟ್ಟಿ.

ನಿಜವಾದ ತೊಂದರೆ ಇನ್ನೊಂದಿದೆ, ಅದನ್ನು ಮ್ಯಾನೇಜ್‌ಮೆಂಟ್ ಕೇಳಿಸಿಕೊಳ್ಳುವುದಿಲ್ಲ. ಶಿಫ್ಟ್ ಮುಗಿದ ತಕ್ಷಣ ಕಂಪನಿ ಬಸ್ ಹೊರಡುತ್ತದೆ, ಆಮೇಲೆ ನಿಂತು ಮಾತಾಡುವವನು ಯಾರು? ಆ ಹತ್ತು ಹದಿನೈದು ನಿಮಿಷಕ್ಕೂ ಸಂಬಳ ಸಿಗಬೇಕು, ಬಸ್ಸೂ ಕಾಯಬೇಕು. ಇದನ್ನು ಕೇಳುವಾಗ ಕಮ್ಯುನಿಕೇಷನ್ ಗಿಮ್ಯುನಿಕೇಷನ್ ಅನ್ನಬೇಡಿ, ಶಿಫ್ಟ್ ಬದಲಾದ ಮೊದಲ ಒಂದು ಗಂಟೆಯಲ್ಲಿ ಎಷ್ಟು ಪೀಸ್ ರಿಜೆಕ್ಟ್ ಆಗಿದೆ ಅಂತ ಒಂದು ತಿಂಗಳು ಬರೆದಿಟ್ಟು ಆ ಲೆಕ್ಕ ಮುಂದಿಡಿ.